ಹೆಸರು ಹಾಕುವವನು

ಬೆರಿಲ್ ಮೆಟ್ಟಿಲಿಳಿದು ಅಡುಗೆಮನೆಗೆ ಬಂದಾಗ ದೀಪ ಆಗಲೇ ಉರಿಯುತ್ತಿತ್ತು. ಕ್ಲಿಫ್ ಮುಂದಿನ ಕೋಣೆಯ ಟಿವಿಯನ್ನು ಹೊತ್ತು ತಂದು ಬ್ರೆಡ್ಡಿನ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದ, ವಯರನ್ನು ಕಿಟಕಿಯ ಉದ್ದಕ್ಕೂ ಎಳೆದು ಟೇಪು ಅಂಟಿಸಿದ್ದ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಪರದೆಯ ಮೇಲೆ ಲಾರ್ಕ್ ಕಂಪನಿಯ ಹಳದಿ ಹಕ್ಕಿ ಸುಮ್ಮನೆ ರೆಕ್ಕೆ ಬಡಿಯುತ್ತಿತ್ತು. ಬೆಳಗಿನ ಕಾರ್ಯಕ್ರಮ ಶುರುವಾಗಲು ಇನ್ನೂ ಹೊತ್ತಿತ್ತು. ಆ ಹಕ್ಕಿ ಈ ಮನೆಯೊಳಗೆ ಕಾಲಿಡದೆ ಐದು ವರ್ಷ ಆಗಿತ್ತು. ಕಂಪನಿಯವರು ಗೇಟಿಗೆ ಬೀಗ ಹಾಕಿ ಇವನನ್ನು ಹೊರಗೆ ನಿಲ್ಲಿಸಿದ ದಿನವೇ ಕ್ಲಿಫ್, ಇನ್ನು ಆ ಚಾನೆಲ್ಲನ್ನು ಈ ಮನೆಯಲ್ಲಿ ಹಾಕಿದರೆ ನೋಡು ಅಂತ ಆಣೆ ಮಾಡಿದಷ್ಟು ಗಟ್ಟಿಯಾಗಿ ಹೇಳಿದ್ದ. ಹೆಂಡತಿ ಅದೇ ಕಂಪನಿಗೆ ದಿನಾ ಹೋಗಿ ಬರುತ್ತಿದ್ದಳು, ಅದು ಬೇರೆ ಮಾತು.

"ಇದೇನೋ ಇದು, ಬೆಳಗಾಗೋ ಮುಂಚೆ?"

"ಇವತ್ತು ಲಾರ್ಕಿನ ಕೊನೇ ದಿನ ಅಲ್ವೇನೇ? ಎಷ್ಟೇ ಜಗಳ ಆಡಿರಲಿ, ಮಣ್ಣು ಮಾಡೋವಾಗ ಒಂದ್ಸಲ ಮುಖ ನೋಡ್ಬೇಕಪ್ಪಾ."

"ನೋಡಲ್ಲ ಅಂದಿದ್ದೆ."

"ಅಂದಿದ್ದೆ," ಅಂದ ಕ್ಲಿಫ್, ಏನೂ ವಾದವಿಲ್ಲದೆ. ಎದ್ದು ದೊಡ್ಡ ಬಾಣಲೆಯನ್ನು ಕೆಳಗಿನ ಕಪಾಟಿನಿಂದ ಎಳೆದ. "ಸ್ಟ್ಯಾನೂ ಆಲ್ಬಿನೂ ಬರ್ತಾರೆ. ಬೇಕನ್ನೂ ಮೊಟ್ಟೆನೂ ಮಾಡಿ ಹಾಕ್ತೀನಿ, ಪಾಪ, ಆಲ್ಬಿ ಹೆಂಡ್ತಿ ಹೋದ್ಮೇಲೆ ಸರಿಯಾಗಿ ತಿಂದೇ ಇಲ್ಲ ಅನ್ಸತ್ತೆ."

ಸ್ಟ್ಯಾನ್, ಆಲ್ಬಿ ಇಬ್ಬರೂ ಕ್ಯಾಮರಾದವರು, ಅದೇ ಗೇಟಿನ ಹೊರಗೆ ಇವನ ಜೊತೆ ನಿಂತವರು. ಅಂದರೆ ಒಬ್ಬನಲ್ಲ, ಮೂವರು ನೋಡುತ್ತಾರೆ. ಬೆರಿಲ್ ಟೀ ಬಟ್ಟಲನ್ನು ಬಾಯಿಗೆ ಹಿಡಿದಳು, ಕುಡಿಯಲಾಗಲಿಲ್ಲ. "ನೋಡೋಕೇನಿದೆ ಹೇಳು," ಅಂದಳು, ಸಾಧ್ಯವಾದಷ್ಟು ಬೇಜಾರಿನ ದನಿಯಲ್ಲಿ. "ಬರೀ ಅಳೋದು, ತಬ್ಬಿಕೊಳ್ಳೋದು, ಆ ಸೋಫಾ ಮೇಲೆ ಕೂತು ಮೂಗೊರಸಿಕೊಳ್ಳೋದು. ಶಾಲೆಗೆ ರಜಾ ಇದೆ, ಹಾಯಾಗಿ ಮಲ್ಕೋಬಾರದಾ?" ಕ್ಲಿಫ್ ಈಗ ಲೂಯಿಶಮ್ಮಿನ ಒಂದು ಶಾಲೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ, ಗೇಟು ತೆಗೆದು ಹಾಕುತ್ತಿದ್ದ. "ಕಂಪನಿ ಚರಿತ್ರೆ ತೋರಿಸ್ತಾರಂತಲ್ಲ," ಅಂದ ಅವನು ಬಾಣಲೆಯ ಕಡೆಗೇ ತಿರುಗಿಕೊಂಡು. "ಒಂಬತ್ತು ವರ್ಷದ್ದೂ." ಯಾರು ಹೇಳಿದರೆಂದು ಅವಳು ಕೇಳಿದಳು. ಪೇಪರಿನಲ್ಲಿ ಬಂದಿತ್ತು ಅಂದ. ಅವನ ಕಿವಿ ಕೆಂಪಗಾಗಿತ್ತು. ಬಾಣಲೆಯ ಬಿಸಿಗೆ ಇರಬೇಕೆಂದುಕೊಂಡಳು. ಒಲೆಯನ್ನು ಅವನಿನ್ನೂ ಹಚ್ಚಿರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ.

ಬಸ್ಸು ಹೆಚ್ಚುಕಡಿಮೆ ಖಾಲಿ. ಹಿಂದಿನ ಸೀಟಿನಲ್ಲಿ ಆಸ್ಪತ್ರೆಯ ಆಯಾ ಒಬ್ಬಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ವರ್ಷದ ಕೊನೆಯ ದಿನದ ಚಳಿ ಕಿಟಕಿಯ ಸಂದಿನಿಂದ ಬಂದು ಬೆರಿಲ್‌ಳ ಮೊಣಕಾಲಿಗೆ ಹೊಡೆಯುತ್ತಿತ್ತು. ನಿನ್ನೆ ಮಧ್ಯಾಹ್ನ, ಕಂಪನಿಯ ಮುಖ್ಯಸ್ಥ ಪಿಂಕ್ನಿಯವರ ಫೈಲುಗಳನ್ನು ಪೆಟ್ಟಿಗೆಗೆ ತುಂಬಿ ಕೆಳಗೆ ಬರುತ್ತಿದ್ದಾಗ ಎಡಿಟಿಂಗ್ ರೂಮಿನ ಬಾಗಿಲಿನಿಂದ ರಸೆಲ್ ಕೂಗಿದ್ದ, "ಬೆರಿಲ್, ಬನ್ನಿ ಬನ್ನಿ, ನೋಡಿ ಯಾರು ಸಿಕ್ಕಿದಾರೆ!" ಒಳ್ಳೆಯ ಹುಡುಗ, ಎರಡು ವರ್ಷದ ಹಿಂದೆ ಸೇರಿದವನು, ಹಳೆಯದೇನೂ ಗೊತ್ತಿಲ್ಲದವನು. ಅದಕ್ಕೇ ಕಂಪನಿಯ ಚರಿತ್ರೆ ಕತ್ತರಿಸಿ ಜೋಡಿಸುವ ಕೆಲಸ ಅವನಿಗೆ ಬಂದಿತ್ತು. ಪರದೆಯ ಮೇಲೆ ಇದ್ದವಳು ಐದು ವರ್ಷದ ಹಿಂದಿನ ಬೆರಿಲ್. ತಲೆಯ ಮೇಲೆ ಹೆಡ್‌ಫೋನು. ಅದರ ಕಿವಿಯ ಮೇಲೆ ಬಿಳಿ ಪಟ್ಟಿ, ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ಕ್ಲಿಫ್'. ಮೈಮೇಲೆ ಅವಳೇ ಹೆಣೆದು ಅವನಿಗೆ ಕೊಟ್ಟಿದ್ದ ಬೂದು ಸ್ವೆಟರು, ತೋಳು ಉದ್ದವಾಗಿ ಮಡಚಿಕೊಂಡಿದ್ದಾಳೆ. ಮುಂದೆ ಗಡಿಯಾರದ ಆಕಾರದ ಕೇಕು. ಪಿಂಕ್ನಿಯವರು ಶಾಂಪೇನು ಸುರಿಯುತ್ತಿದ್ದಾರೆ, ಅವಳು ಚಾಕುವನ್ನು ಕೇಕಿಗೆ ಊರಿ, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ. ಎಂಥ ನಗು ಅದು! ಮದುವೆಯ ಫೋಟೋದಲ್ಲೂ ಅವಳು ಹಾಗೆ ನಕ್ಕಿಲ್ಲ. "ಬೀಗಮುದ್ರೆಯ ಹೀರೋಯಿನ್ನು!" ಅಂತ ರಸೆಲ್ ಚಪ್ಪಾಳೆ ತಟ್ಟಿದ್ದ. ಅವಳೂ ನಿನ್ನೆ ನಕ್ಕು ಬಂದುಬಿಟ್ಟಿದ್ದಳು. ಕ್ಲಿಫ್ ನೋಡುವುದಿಲ್ಲವಲ್ಲ, ನೋಡುವುದೇ ಇಲ್ಲವಲ್ಲ, ಆ ಧೈರ್ಯ.

ಆಗ ಕ್ಲಿಫ್‌ನ ಕೆಲಸ ಪರದೆಯ ಮೇಲೆ ಹೆಸರು ಹಾಕುವುದು. ಸೋಫಾ ಮೇಲೆ ಕೂತು ಮಾತಾಡುವವರ ಎದೆಯ ಕೆಳಗೆ ಅವರ ಹೆಸರು, ಮೂಲೆಯಲ್ಲಿ ಗಡಿಯಾರ. ಇಡೀ ದೇಶ ಆ ಗಡಿಯಾರ ನೋಡಿಕೊಂಡು ಹಲ್ಲುಜ್ಜುತ್ತಿತ್ತು, ಮಕ್ಕಳಿಗೆ ಬೂಟು ಹಾಕುತ್ತಿತ್ತು, ಬಸ್ಸಿಗೆ ಓಡುತ್ತಿತ್ತು. ಕ್ಲಿಫ್ ಅದನ್ನು ಯಾರಿಗೂ ಹೇಳದೆ ಅರ್ಧ ನಿಮಿಷ ಮುಂದಿಡುತ್ತಿದ್ದ. "ಒಂದು ಬೂಟು ಸಿಗ್ಲಿಲ್ಲ ಅಂತ ಹುಡುಕೋಕೆ ಅಷ್ಟು ಬೇಕಲ್ಲ," ಅಂತ ಅವಳಿಗೆ ಮಾತ್ರ ಹೇಳಿದ್ದ, ರಾತ್ರಿ ಊಟದ ಮುಂದೆ, ನಾಚಿಕೊಂಡು. ಯಾರ ಹೆಸರನ್ನೂ ತಪ್ಪು ಹಾಕಿದವನಲ್ಲ. ಮಂತ್ರಿಯಾಗಲಿ, ಬೆಕ್ಕನ್ನು ಹಾಡಿಸುವ ಮುದುಕಿಯಾಗಲಿ, ಮೊದಲೇ ಹೋಗಿ ಅವರನ್ನೇ ಕೇಳಿ ಬರುತ್ತಿದ್ದ. ಇಬ್ಬರೂ ಒಂದೇ ಕಡೆ ಇರುವುದು ಬೇಡದ ಮಾತಿಗೆ ದಾರಿಯಾಗಬಾರದೆಂದು ಬೆರಿಲ್ ಆಫೀಸಿನಲ್ಲಿ ತವರಿನ ಹೆಸರಿನಲ್ಲೇ ಇದ್ದಳು, ಮಿಸ್ ಹ್ಯಾಡನ್. ಆಮೇಲೆ ಅದೇ ಅನುಕೂಲವಾಯಿತು. ಸ್ಟುಡಿಯೋದಲ್ಲಿ ಎಷ್ಟು ಜನ ಬೇಕು ಎಷ್ಟು ಬೇಡ ಎಂಬ ಜಗಳ ಬಲಿತು, ಒಂದು ಜನವರಿಯ ಬೆಳಿಗ್ಗೆ ಕಂಪನಿ ಗೇಟಿಗೆ ಬೀಗ ಹಾಕಿತು. ಕ್ಯಾಮರಾ, ಲೈಟು, ಸೌಂಡು, ಹೆಸರು ಹಾಕುವವರು ಎಲ್ಲರೂ ಹೊರಗೆ. ಟೈಪಿಸ್ಟುಗಳ ಯೂನಿಯನ್ನು ಬೇರೆ, ಅವರಿಗೆ ಜಗಳವಿರಲಿಲ್ಲ. ಕ್ಲಿಫ್ಫೇ ಹೇಳಿದ, "ನೀನು ಹೋಗೇ. ಇಬ್ರೂ ಹೊರಗೆ ಬಿದ್ರೆ ಒಲೆ ಉರಿಯಲ್ಲ. ಟೈಪಿಂಗ್ ತಾನೆ, ಯಾರೂ ಏನೂ ಅನ್ನಲ್ಲ. ನಮ್ಮ ಮೇಜು ಮಾತ್ರ ಯಾರೂ ಮುಟ್ಟಬೇಡಿ ಅಂತ ನಿಮ್ಮ ಹುಡುಗೀರಿಗೆ ಹೇಳು, ಅಷ್ಟೇ ನಾನು ಕೇಳೋದು."

ಮರುದಿನವೇ ಪಿಂಕ್ನಿ ಅವಳ ಭುಜದ ಮೇಲೆ ಕೈಯಿಟ್ಟು, "ಬೆರಿಲ್, ಇಲ್ಲಿ ಬೇಗ ಟೈಪ್ ಮಾಡೋರು ನೀವೊಬ್ರೇ, ಸ್ವಲ್ಪ ಇಲ್ಲಿ ಕೂತ್ಕೊಳ್ಳಿ," ಅಂದರು. ಕ್ಲಿಫ್‌ನ ಮೇಜು. ಬೇಡ ಅನ್ನಬಹುದಿತ್ತು. ಅನ್ನಬಹುದಿತ್ತೇ? ಬಸ್ಸಿನ ಕಿಟಕಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡು ಬೆರಿಲ್ ಈ ಪ್ರಶ್ನೆಯನ್ನು ಎಷ್ಟನೆಯ ಸಲವೋ ಕೇಳಿಕೊಂಡಳು. ಬಾಯ್ಲರಿನವನೂ ಹೊರಗಿದ್ದದ್ದರಿಂದ ಸ್ಟುಡಿಯೋ ಐಸಿನಂತೆ ಕೊರೆಯುತ್ತಿತ್ತು, ಕುರ್ಚಿಯ ಬೆನ್ನಿಗೆ ಅವನ ಸ್ವೆಟರು ತೂಗಿತ್ತು, ಹಾಕಿಕೊಂಡಳು. ಗಡಿಯಾರವನ್ನು ಅರ್ಧ ನಿಮಿಷ ಮುಂದಿಟ್ಟಳು. ಮೊದಲನೆಯ ಹೆಸರು ಹಾಕುವಾಗ ಎರಡು ಸಲ ತಪ್ಪಿ ತಿದ್ದಿದಳು. ಎರಡನೆಯ ದಿನ ತಪ್ಪಲಿಲ್ಲ. ಮೂರನೆಯ ದಿನ, ಅಯ್ಯೋ, ಅದನ್ನು ಯಾರಿಗೆ ಹೇಳುವುದು, ಮೂರನೆಯ ದಿನ ಅವಳಿಗೆ ಖುಷಿಯಾಯಿತು. ಇಪ್ಪತ್ತು ವರ್ಷ ಬೇರೆಯವರ ಮಾತನ್ನು ಟೈಪು ಮಾಡಿ ಲಕೋಟೆಗೆ ಹಾಕಿದವಳು. ಈಗ ಅವಳು ಒತ್ತಿದ ಅಕ್ಷರ ಆ ಕ್ಷಣದಲ್ಲೇ ಲಕ್ಷಾಂತರ ಮನೆಯ ಟೀ ಮೇಜಿನ ಮೇಲೆ ಮೂಡುತ್ತಿತ್ತು. ಮೊದಲ ವಾರ ದಾಟಿದ್ದಕ್ಕೆ ಆ ಕೇಕು. ಸಂಜೆ ಮನೆಗೆ ಬಂದರೆ ಕ್ಲಿಫ್ ಕೆಮ್ಮುತ್ತಾ ಕೂತಿರುತ್ತಿದ್ದ, ಬೂಟು ಬಿಚ್ಚಿ ಕಾಲು ಬಿಸಿನೀರಲ್ಲಿ ಇಟ್ಟುಕೊಂಡು. "ನನ್ನ ಮೇಜಲ್ಲಿ ಯಾರೇ ಕೂತಿರೋದು?" ಅಂದ ಒಂದು ಸಂಜೆ. "ಯಾರೋ ಅಕೌಂಟ್ಸಿನ ಹುಡುಗಿ." "ಗಡಿಯಾರದ ವಿಷಯ ಅವಳಿಗೆ ಗೊತ್ತಾ? ಜನ ಬಸ್ಸು ತಪ್ಪಿಸ್ಕೋತಾರೆ ಕಣೇ." "ನಾನು ಹೇಳಿದೀನಿ ಬಿಡು," ಅಂದಿದ್ದಳು ಬೆರಿಲ್. ಅವನಿಗೆ ಸಮಾಧಾನವಾಗಿತ್ತು.

ಸ್ಟುಡಿಯೋ ಇದ್ದ ಬರ್ಮಂಡ್ಸಿಯಲ್ಲಿ ಇಳಿದಾಗ ಇನ್ನೂ ಕತ್ತಲು. ಕಟ್ಟಡದ ತಾರಸಿಯ ಮೇಲೆ ಆ ಹಳದಿ ಹಕ್ಕಿ, ಆಳೆತ್ತರದ್ದು, ಸುತ್ತ ದೀಪ. ನಾಳೆ ಹೊಸ ಕಂಪನಿಯವರು ಬೇರೆಲ್ಲೋ ಬೇರೆ ಸೋಫಾದ ಮೇಲಿಂದ ದೇಶವನ್ನು ಎಬ್ಬಿಸುತ್ತಾರೆ. ಬೆಳಗಿನ ಪ್ರಸಾರದ ಲೈಸೆನ್ಸು ಅವರ ಪಾಲಾಗಿ ವರ್ಷದ ಮೇಲಾಗಿತ್ತು. ಗೇಟಿನಲ್ಲಿ ಕಾವಲುಗಾರ ಡಗ್ ಹಬ್ಬದ ಕಾಗದದ ಟೋಪಿ ಹಾಕಿಕೊಂಡು ಕೂತಿದ್ದ. "ಏನಮ್ಮಾ, ಕೊನೇ ದಿನಾನಾದ್ರೂ ಲೇಟಾಗಬಾರದಾ ನೀನು?" ಅಂದ. ಡಗ್ ಆಗಲೂ ಇದೇ ಗೇಟಿನಲ್ಲಿದ್ದ, ಬೀಗ ಹಾಕಿದ್ದೂ ಅವನೇ, ಹಾಕಿ ಅತ್ತವನೂ ಅವನೇ. ಅವನಿಗೆ ಎಲ್ಲ ಗೊತ್ತಿತ್ತು, ಯಾವತ್ತೂ ಏನೂ ಅಂದಿರಲಿಲ್ಲ. ಅವನು ಏನೂ ಅನ್ನದೆ ಇರುವುದನ್ನು ಬೆರಿಲ್ ಐದು ವರ್ಷ ದಿನಕ್ಕೆರಡು ಸಲ ದಾಟಿ ಹೋಗಿದ್ದಳು. ಆ ಜನವರಿಯಲ್ಲಿ ಈ ಗೇಟಿನ ಎಡಗಡೆ ತಗಡಿನ ಡ್ರಮ್ಮಿನಲ್ಲಿ ಬೆಂಕಿ, ಸುತ್ತ ಕ್ಲಿಫ್, ಅವನ ಜೊತೆಯವರು. ಅವಳು ಬಸ್ಸಿಳಿದು ಬರುವಾಗ ಕ್ಲಿಫ್ ಕಾಲರೆತ್ತಿಕೊಂಡು ಬೇಕೆಂದೇ ಆ ಕಡೆ ತಿರುಗುತ್ತಿದ್ದ, ಅವಳಿಗೆ ಮುಜುಗರವಾಗದಿರಲಿ ಅಂತ. ಆ ಬೆನ್ನು ಕಂಡರೆ ಓಡಿ ಹೋಗಿ ತಬ್ಬಿಕೊಳ್ಳಬೇಕು ಅನ್ನಿಸುತ್ತಿತ್ತು. ಓಡಿ ಒಳಗೆ ಹೋಗುತ್ತಿದ್ದಳು.

ರಸೆಲ್ ಎಡಿಟಿಂಗ್ ರೂಮಿನಲ್ಲಿ ನೆಲದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ರಾತ್ರಿಯೆಲ್ಲ ಕೂತ ಕಣ್ಣು. ಚರಿತ್ರೆ ತಯಾರಾಗಿತ್ತು, ಕಾರ್ಯಕ್ರಮ ಮುಗಿಯುವ ಮುಂಚೆ ತೋರಿಸುವುದು, ಅದಾದ ಮೇಲೆ ಟಾಟಾ. ಬೆರಿಲ್ ಬಾಗಿಲು ಹಾಕಿದಳು.

"ರಸೆಲ್, ಒಂದು ಉಪಕಾರ ಮಾಡಪ್ಪಾ. ನನ್ನದು ಆ ಕೇಕಿಂದು ಇದೆಯಲ್ಲ, ತೆಗೆದುಬಿಡು."

"ಅಯ್ಯೋ ಯಾಕೆ? ಎಷ್ಟು ಚೆನ್ನಾಗಿದೀರ!"

"ದಪ್ಪಗೆ ಕಾಣ್ತೀನಿ."

"ಈಗಿನದಕ್ಕಿಂತ ಸಣ್ಣಗೇ ಇದೀರಲ್ಲ," ಅಂದ ರಸೆಲ್, ನಾಲಿಗೆ ಕಚ್ಚಿಕೊಂಡ. "ಅಂದ್ರೆ, ಹಾಗಲ್ಲ... ಬೆರಿಲ್, ಎಲ್ಲರೂ ನಗೋದು ಅಲ್ಲೇ. ಫಿಲಿಪಾ ನೋಡಿ ಓಕೆ ಮಾಡಿಬಿಟ್ಟಿದಾರೆ, ನಾನಾಗಿ ಮುಟ್ಟೋ ಹಾಗಿಲ್ಲ."

ಅವನಿಗೆ ನಿಜ ಹೇಳಿಬಿಡಬಹುದಿತ್ತು. ನನ್ನ ಗಂಡ ಆ ಬೆಂಕಿಯ ಹತ್ತಿರ ನಿಂತಿದ್ದ, ನಾನು ಅವನ ಕುರ್ಚಿಯಲ್ಲಿ ಕೂತು ಅವನ ಸ್ವೆಟರು ಹಾಕಿಕೊಂಡು ಕೇಕು ಕತ್ತರಿಸಿದೆ. ಸ್ವೆಟರು ಎಲ್ಲೋ ಕಳೆದುಹೋಯಿತು ಅಂತ ಅವನಿಗೆ ಹೇಳಿದ್ದೇನೆ. ಮೂರೇ ಮಾತು. ಆ ಹುಡುಗನ ಮುಖದಲ್ಲಿ ಬಿಸ್ಕತ್ತಿನ ಪುಡಿ ಅಂಟಿತ್ತು. ಅವನ ಎದುರು ತಾನು ಏನಾಗಿ ಕಾಣುತ್ತೇನೆಂದು ಯೋಚಿಸಿದಳು. ದಪ್ಪಗೆ ಕಾಣುವುದೇ ವಾಸಿ ಅನ್ನಿಸಿ ಫಿಲಿಪಾಳನ್ನು ಹುಡುಕಿಕೊಂಡು ಹೊರಟಳು.

ಫಿಲಿಪಾ ಈ ಕೊನೆಯ ಕಾರ್ಯಕ್ರಮದ ನಿರ್ಮಾಪಕಿ. ಮೇಕಪ್ ಕೋಣೆಯ ಬಾಗಿಲಲ್ಲಿ ನಿಂತು ಎರಡು ಕಡೆಗೂ ಆಜ್ಞೆ ಕೊಡುತ್ತಿದ್ದಳು, ಕೈಯಲ್ಲಿ ತಣ್ಣಗಾದ ಕಾಫಿ. ಒಳಗೆ ಕನ್ನಡಿಯ ಮುಂದೆ ಹಳೆಯ ನಿರೂಪಕರು ಸಾಲಾಗಿ ಕೂತು ಪೌಡರು ಹಚ್ಚಿಸಿಕೊಳ್ಳುತ್ತಿದ್ದರು, ಎಲ್ಲರೂ ಈಗಾಗಲೇ ಅಳುವ ತಯಾರಿಯಲ್ಲಿದ್ದರು. ಬೆರಿಲ್ ಅಷ್ಟು ಜನರ ಮುಂದೆಯೇ ಹೇಳಬೇಕಾಯಿತು. ಫಿಲಿಪಾ ಮೊದಲು ಅರ್ಥವಾಗದೆ ನೋಡಿದಳು, ಆಮೇಲೆ ಅವಳ ಮುಖದಲ್ಲಿ ದಯೆ ಹರಡಿತು, ಅದನ್ನು ತಡೆದುಕೊಳ್ಳುವುದೇ ಕಷ್ಟ. "ಬೆರಿಲ್, ನನ್ ಚಿನ್ನ, ಯಾರೂ ನಿಮ್ಮನ್ನ ನೋಡಲ್ಲಪ್ಪ," ಅಂದಳು. "ಕೇಕು ನೋಡ್ತಾರೆ." ಕನ್ನಡಿಯಲ್ಲಿ ಯಾರೋ ನಕ್ಕರು. ಬೆರಿಲ್ ತಾನೂ ನಕ್ಕಳು. ಅದೇ ಅವಳ ಹಾಳು ಅಭ್ಯಾಸ, ಬಡಿದರೂ ನಗುವುದು. ಮೆಟ್ಟಿಲ ತಿರುವಿನಲ್ಲಿ ಯಾರೂ ಇಲ್ಲದ ಕಡೆ ನಿಂತು ಗೋಡೆಗೆ ಹಣೆ ಒತ್ತಿಕೊಂಡಳು. ಈಗ ಮನೆಯಲ್ಲಿ ಸ್ಟ್ಯಾನ್ ಬಂದಿರುತ್ತಾನೆ, ಬೂಟಿನ ಹಿಮವನ್ನು ಒಳಗೇ ಒದರುತ್ತಾನೆ. ಆಲ್ಬಿ ಬ್ರೌನ್ ಸಾಸು ಕೇಳುತ್ತಾನೆ. ಮೂವರೂ ತಟ್ಟೆ ಹಿಡಿದು ಪರದೆಗೆ ಮುಖ ಮಾಡಿ ಕೂತಿರುತ್ತಾರೆ. ಅವಳು ನಗುವಾಗ ಕ್ಲಿಫ್ ಏನು ಮಾಡುತ್ತಾನೆ? ಕೂಗುವವನಲ್ಲ. ಎದ್ದು ಹೋಗುವವನೂ ಅಲ್ಲ. ಗೆಳೆಯರ ಮುಂದೆ ತಟ್ಟೆಯನ್ನು ಮೊಣಕಾಲ ಮೇಲೆ ಹಿಡಿದುಕೊಂಡು ಕೂತೇ ಇರುತ್ತಾನೆ. ಅವಳಿಗೆ ಅದೇ ಕಣ್ಣಿಗೆ ಕಟ್ಟಿತು.

ಪಿಂಕ್ನಿ ಖಾಲಿ ಕೋಣೆಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದರು. ಗೋಡೆಯ ಮೇಲೆ ಚಿತ್ರಗಳಿದ್ದ ಕಡೆ ಬಿಳಿ ಚೌಕಗಳು. ದೊಡ್ಡ ದನಿಯ ಮನುಷ್ಯ, ಒಂಬತ್ತು ವರ್ಷ ಇಡೀ ಕಟ್ಟಡವನ್ನು ನಡುಗಿಸಿದವರು. ಇವತ್ತು ಕಿಟಕಿಯ ಕುಂಡದ ಗಿಡದ ಒಣಗಿದ ಎಲೆ ಕೀಳುತ್ತಿದ್ದರು. "ನಾವು ಒಳ್ಳೇ ಕೆಲಸ ಮಾಡಿದ್ವಿ, ಅಲ್ವಾ ಬೆರಿಲ್?" ಅಂದರು. "ಮಾಡಿದ್ವಿ ಸಾರ್." "ಬೀಗಮುದ್ರೆ ಟೈಮಲ್ಲಿ ನೀವಿಲ್ದಿದ್ರೆ ಪರದೆ ಕಪ್ಪಾಗೋದು. ನಾನು ಮರೆಯಲ್ಲ." ಇವರಿಗೆ ಹೇಳಿದರೆ? ಇವರು ಅವಳ ಭುಜ ತಟ್ಟುತ್ತಾರೆ, ಕ್ಲಿಫ್ ಅರ್ಥ ಮಾಡ್ಕೋತಾನೆ ಬಿಡಿ, ಒಳ್ಳೇ ಮನುಷ್ಯ ಅನ್ನುತ್ತಾರೆ, ಅಷ್ಟೇ. ಕ್ಲಿಫ್‌ನ ಮುಖವೂ ಇವರಿಗೆ ನೆನಪಿದೆಯೋ ಇಲ್ಲವೋ. ಬೆರಿಲ್ ಹೊರಗೆ ತನ್ನ ಮೇಜಿಗೆ ಬಂದು ಕೂತಳು. ಮೇಜಿನ ಮೇಲೆ ಫೋನು ಬಿಟ್ಟರೆ ಏನೂ ಉಳಿದಿರಲಿಲ್ಲ. ಈ ಫೋನಿನಲ್ಲಿ ಅವಳು ದಿನಕ್ಕೆ ಎಷ್ಟು ಸಲ ಹೇಳಿದ್ದಳೋ, ಪಿಂಕ್ನಿಯವರು ಹೇಳ್ತಿದಾರೆ, ಪಿಂಕ್ನಿಯವರಿಗೆ ಬೇಕಂತೆ, ಪಿಂಕ್ನಿಯವರು ಬೇಡ ಅಂದ್ರು. ಯಾರೂ ಒಂದು ದಿನವೂ ತಿರುಗಿ ಕೇಳಿದ್ದಿಲ್ಲ. ಆ ದನಿ ಅವಳದಾಗಿರಲಿಲ್ಲ, ಅವರದೂ ಆಗಿರಲಿಲ್ಲ, ಈ ಮೇಜಿನದು. ಕೈ ತಾನಾಗಿ ನಂಬರು ಒತ್ತಿತು.

"ರಸೆಲ್, ಪಿಂಕ್ನಿಯವರು ಹೇಳ್ತಿದಾರೆ. ಬೀಗಮುದ್ರೆ ವಿಷಯ ಬೇಡವಂತೆ. ವಕೀಲರು ಏನೋ ಅಂದ್ರಂತೆ."

"ಪೂರ್ತಿನಾ?" ಅಂದ ಹುಡುಗ. "ಕೇಕು ಬೇಕಾದ್ರೆ ತೆಗೀತೀನಿ. ಹೊರಗಿಂದು, ಗೇಟಿಂದು? ಅದಕ್ಕೆ ನಾನು ತುಂಬಾ ಓಡಾಡಿದೀನಿ ಬೆರಿಲ್. ಅದೂ ಬೇಡವಂತಾ?"

ಪಿಂಕ್ನಿ ಅರ್ಧಂಬರ್ಧ ಬೇಡ ಅನ್ನುವ ಮನುಷ್ಯನಲ್ಲ. ಕೇಕು ಬೇಡ, ಗೇಟು ಇರಲಿ ಅಂದರೆ ಈ ಹುಡುಗನಿಗೆ ಅನುಮಾನ ಬಂದೇ ಬರುತ್ತದೆ, ಮೇಲೆ ಓಡಿ ಬರುತ್ತಾನೆ. ಬೆರಿಲ್ ಕಣ್ಣು ಮುಚ್ಚಿಕೊಂಡಳು.

"ಪೂರ್ತಿ," ಅಂದಳು. "ಎಲ್ಲಾನೂ."

ಚರಿತ್ರೆಯನ್ನು ಅವಳು ಸ್ಟುಡಿಯೋದ ಹಿಂದುಗಡೆ, ಅಡುಗೆಯವರು ಲೈಟಿನವರು ಎಲ್ಲರ ಜೊತೆ ನಿಂತು ನೋಡಿದಳು. ಸಂಗೀತ ಶುರುವಾಯಿತು. ಮೊದಲನೆಯ ದಿನದ ನೀಲಿ ಸೋಫಾ, ಅದರ ಕಾಲು ಮುರಿದು ಹವಾಮಾನದವನು ಜಾರಿ ಬಿದ್ದದ್ದು. ಜನ ನಕ್ಕರು. ಯಾರೂ ನೋಡದೆ ಕಂಪನಿ ಮುಳುಗಲಿದ್ದ ಮೊದಲ ಚಳಿಗಾಲ, ಹಳದಿ ಹಕ್ಕಿಯನ್ನು ಕ್ರೇನಿನಿಂದ ತಾರಸಿಗೆ ಏರಿಸಿದ್ದು, ವ್ಯಾಯಾಮ ಹೇಳಿಕೊಡುತ್ತಿದ್ದ ಹೆಂಗಸಿನ ಕೆಂಪು ಕಾಲುಚೀಲ, ಗಾಳಿಗೆ ಹಕ್ಕಿಯ ರೆಕ್ಕೆ ಮುರಿದು ಬೀದಿಗೆ ಬಿದ್ದದ್ದು. ರೆಕ್ಕೆ ಬಿದ್ದದ್ದರ ಬೆನ್ನಿಗೆ ಪರದೆಯ ಮೇಲೆ ಒಂದು ಕತ್ತೆ ಬಂದು ನಿರೂಪಕಿಯ ಟೊಪ್ಪಿ ತಿಂದಿತು. ಎಲ್ಲರೂ ಹೋ ಅಂದರು. ರೆಕ್ಕೆಗೂ ಕತ್ತೆಗೂ ನಡುವೆ ಒಂದು ಜನವರಿ, ಒಂದು ಗೇಟು, ಒಂದು ಡ್ರಮ್ಮಿನ ಬೆಂಕಿ ಇತ್ತೆಂದು ಹೇಳಲು ಪರದೆಯ ಮೇಲೆ ಒಂದು ಗೆರೆಯೂ ಇರಲಿಲ್ಲ, ಎಷ್ಟು ನುಣ್ಣಗೆ ಅಂಟಿಸಿದ್ದ ಆ ಹುಡುಗ. ಬದುಕಿದೆ ಅನ್ನಿಸಿತು. ಆ ಕ್ಷಣ ಅವಳಿಗೆ ಬೇರೇನೂ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ, ಬದುಕಿದೆ, ಅಷ್ಟೇ. ಪಕ್ಕದಲ್ಲಿ ಪಿಂಕ್ನಿ ಬಗ್ಗಿ ಕೇಳಿದರು, "ಬೀಗಮುದ್ರೆ ಬರಲೇ ಇಲ್ವಲ್ಲ?" "ಟೈಮ್ ಸಾಲಲಿಲ್ಲವಂತೆ ಸಾರ್." "ಒಳ್ಳೇದೇ ಆಯ್ತು ಬಿಡಿ," ಅಂದರು ಪಿಂಕ್ನಿ, ಕರವಸ್ತ್ರ ಹುಡುಕುತ್ತಾ.

ಆಮೇಲೆ ಎಲ್ಲರೂ ಸೋಫಾದ ಸುತ್ತ ನುಗ್ಗಿದರು, ಕೈ ಬೀಸಿದರು, ಅತ್ತರು. ಬೆರಿಲ್ ಪರದೆಯ ಮೂಲೆಯ ಗಡಿಯಾರ ನೋಡುತ್ತಿದ್ದಳು. ಈಗ ಅದನ್ನು ಯಂತ್ರವೇ ನಡೆಸುತ್ತದೆ, ಸೆಕೆಂಡಿಗೆ ಸೆಕೆಂಡು ಸರಿ. ಕಳೆದ ಕೆಲವು ವರ್ಷಗಳಲ್ಲಿ ಎಷ್ಟು ಜನ ಒಂದು ಬೂಟು ಹುಡುಕುತ್ತಾ ಬಸ್ಸು ತಪ್ಪಿಸಿಕೊಂಡರೋ ಏನೋ. ಗಡಿಯಾರ ಆರಿತು, ಆಮೇಲೆ ಎಲ್ಲವೂ ಆರಿತು. ಮೆಟ್ಟಿಲ ಹತ್ತಿರ ರಸೆಲ್ ಅವಳ ಕೈಗೆ ಒಂದು ವಿಡಿಯೋ ಕ್ಯಾಸೆಟ್ಟು ತುರುಕಿದ. "ಕತ್ತರಿಸಿದ್ದೆಲ್ಲ ಇದರಲ್ಲಿದೆ, ಒಳಗಿಂದೂ ಹೊರಗಿಂದೂ," ಅಂದ, ಸೋತ ಮುಖದಲ್ಲಿ. "ಮೂಲ ಪ್ರತಿ ಆಗಲೇ ಅಳಿಸಿಬಿಟ್ರು, ಟೇಪೆಲ್ಲ ಹೊಸ ಕಂಪನಿಗೆ ಮಾರಿದಾರಂತೆ. ನಿಮ್ಮ ಹತ್ರ ಇರಲಿ. ಒಂದಿನ ನೋಡಿ ನಗ್ತೀರಿ." ಅವಳು ಅದನ್ನು ಕೈಚೀಲಕ್ಕೆ ಹಾಕಿಕೊಂಡಳು. ದಾರಿಯಲ್ಲಿ ನದಿಗೆ ಎಸೆಯಬಹುದು ಅಂದುಕೊಂಡಳು. ಬಸ್ಸು ನದಿಯ ಕಡೆ ಹೋಗುವುದಿಲ್ಲ.

ಮನೆಯಲ್ಲಿ ಬೇಕನ್ನಿನ ವಾಸನೆ. ಸ್ಟ್ಯಾನ್, ಆಲ್ಬಿ ಹೊರಟುಹೋಗಿದ್ದರು, ತಟ್ಟೆಗಳು ಸಿಂಕಿನಲ್ಲಿ ನೆನೆಯುತ್ತಿದ್ದವು. ಟಿವಿ ಆರಿತ್ತು. ಕ್ಲಿಫ್ ಅದರ ಎದುರೇ ಅದೇ ಕುರ್ಚಿಯಲ್ಲಿ ಕೂತಿದ್ದ, ಮತ್ತು ಬಿಳಿ ಶರ್ಟು ಹಾಕಿ, ತಂಗಿಯ ಮದುವೆಗೆ ಕೊಂಡ ಟೈ ಕಟ್ಟಿಕೊಂಡಿದ್ದ. ಕೂದಲನ್ನು ನೀರು ಹಚ್ಚಿ ಬಾಚಿದ್ದ. ಬೆರಿಲ್ ಬಾಗಿಲಲ್ಲೇ ನಿಂತಳು.

"ಇದೇನೋ ವೇಷ?"

"ಏನಿಲ್ಲ ಬಿಡೇ." ಅವನು ಕಿಟಕಿಯ ಕಡೆ ನೋಡಿದ. "ಪೆದ್ದ ಅಂದ್ರೆ ನಾನೇ. ನಿನಗೆ ಹೇಳದೆ ಆಶ್ಚರ್ಯ ಪಡಿಸೋಣ ಅಂತಿದ್ದೆ. ಹೋದ್ವಾರ ನಿಮ್ಮ ಕಡೆ ಹುಡುಗ ಒಬ್ಬ ಫೋನ್ ಮಾಡಿದ್ದ, ರಸೆಲ್ಲೋ ಏನೋ. ಡಗ್ ಕೊಟ್ಟನಂತೆ ನಂಬರು. ಗೇಟಿನ ಹತ್ರ ಬೆಂಕಿ ಕಾಯಿಸ್ತಾ ನಿಂತಿರೋದು ನೀವೇ ತಾನೆ ಅಂದ. ಹೂಂ ಅಂದೆ. ಹೆಸರು ಹೇಗೆ ಬರೀಬೇಕು ಸಾರ್ ಅಂತ ಕೇಳ್ದ ಬೆರಿಲ್. ಒಂದೊಂದೇ ಅಕ್ಷರ ಕೇಳಿ ಬರ್ಕೊಂಡ. ಪರದೆ ಮೇಲೆ ಹಾಕ್ತೀವಿ ಅಂದ, ಕ್ಲಿಫ್ ಬಾರ್ಲೋ, ಹೆಸರು ಹಾಕುವವರು ಅಂತ." ಅವನು ನಕ್ಕ, ನಗು ಪೂರ್ತಿ ಬರಲಿಲ್ಲ. "ಊರಲ್ಲಿರೋರ ಹೆಸರೆಲ್ಲ ಹಾಕಿದೆ ಕಣೇ ನಾನು. ಕತ್ತೆ ಹೆಸರೂ ಹಾಕ್ತಿದ್ದೆ ಬೇಕಾದ್ರೆ. ನನ್ನದು ಒಂದ್ಸಲ ಬರತ್ತಲ್ಲ ಅಂತ..."

ಬೆರಿಲ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಹೊರಗಿಂದು, ಗೇಟಿಂದು, ಅದೂ ಬೇಡವಂತಾ, ಅಂದಿದ್ದ ರಸೆಲ್. ಎಲ್ಲಾನೂ, ಅಂದಿದ್ದಳು ಇವಳು.

"ಸ್ಟ್ಯಾನ್ ಬೈದ. ಮೂವರೂ ಬಾಯಿ ಬಿಟ್ಕೊಂಡು ನೋಡ್ತಿದ್ವಿ, ಕತ್ತೆ ಬಂತು," ಅಂದ ಕ್ಲಿಫ್. "ಆ ಹುಡುಗನ್ನ ಅನ್ನೋ ಹಾಗಿಲ್ಲ. ಮೇಲಿನೋರು ಯಾರೋ ಕತ್ತರಿಸಿದಾರೆ. ಪಿಂಕ್ನಿನೇ ಇರ್ಬೇಕು. ಐದು ವರ್ಷ ಆದ್ಮೇಲೂ ನಮ್ಮ ಮುಖ ಕಂಡ್ರೆ ಆಗಲ್ಲ ಅವರಿಗೆ." ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ಕೈಯಾಡಿಸಿದ. "ನೀನೇನ್ ಮಾಡ್ತೀಯ ಪಾಪ. ಟೈಪಿಂಗಿನೋಳಿಗೆ ಇದೆಲ್ಲ ಎಲ್ಲಿ ಗೊತ್ತಾಗತ್ತೆ. ಕೂತ್ಕೋ, ಮುಖ ಎಲ್ಲ ಬಿಳಚಿಕೊಂಡಿದೆ."

ಕೂತಳು. ಕೈಚೀಲ ತೊಡೆಯ ಮೇಲಿತ್ತು. ಅವನು ಎದ್ದು ಕೆಟಲ್ಲಿಗೆ ನೀರು ಹಿಡಿದ. ಟೈ ಸಿಂಕಿಗೆ ತಾಗದಂತೆ ಒಂದು ಕೈಯಿಂದ ಎದೆಗೆ ಒತ್ತಿಕೊಂಡಿದ್ದ.

"ಆವತ್ತು ಎಂಥ ಚಳಿ ಅಂತೀಯ," ಅಂದ ಬೆನ್ನು ಹಾಕಿಕೊಂಡೇ. "ಕ್ಯಾಮರಾ ಬಂದಾಗ ನಡುಗ್ತಿದ್ದೆ ನಾನು. ನೀನು ಹೆಣೆದ ಬೂದು ಸ್ವೆಟರು ಒಳಗೇ ಉಳಿದುಬಿಡ್ತಲ್ಲ, ಯಾರ ಪಾಲಾಯ್ತೋ." ನಲ್ಲಿ ನಿಲ್ಲಿಸಿದ. ಆಮೇಲೆ, ಕೇಳಲೋ ಬೇಡವೋ ಎಂಬಂತೆ, "ಬೆರಿಲ್, ಕತ್ತರಿಸಿದ ಚೂರು ಅಲ್ಲೆಲ್ಲಾದ್ರೂ ಬಿದ್ದಿರತ್ತಾ? ಆ ಹುಡುಗನ್ನ ಕೇಳಿದ್ರೆ ಕೊಡ್ತಾನಾ? ಬೇರೆ ಯಾರಿಗೂ ತೋರಿಸೋಕಲ್ಲ. ಹೆಸರು ಹೇಗೆ ಕಾಣತ್ತೆ ಅಂತ ಒಂದ್ಸಲ ನೋಡೋಕೆ."

ಚೀಲದ ಬಾಯಿಯ ಮೇಲೆ ಅವಳ ಬೆರಳಿತ್ತು. ಒತ್ತಿದರೆ ಸಾಕು, ತೆರೆದುಕೊಳ್ಳುತ್ತದೆ. ಮೊದಲು ಬೆಂಕಿ, ಅವನು, ಅವನ ಹೆಸರು. ಅದರ ಬೆನ್ನಿಗೇ ಅವಳು, ಆ ಸ್ವೆಟರು, ಆ ನಗು. ಅಥವಾ ಮೊದಲು ಅವಳೇ ಬರುತ್ತಾಳೋ, ಅವಳಿಗೆ ತಿಳಿಯದು. ಒಂದನ್ನು ಬಿಟ್ಟು ಇನ್ನೊಂದನ್ನು ಕೊಡುವ ಉಪಾಯ ಅವಳ ಬಳಿ ಇರಲಿಲ್ಲ. ಕ್ಲಿಫ್ ತಿರುಗಿ ನೋಡುತ್ತಿದ್ದ, ಆ ಮುಖದಲ್ಲಿ ಇನ್ನೂ ಸ್ವಲ್ಪ ಆಸೆಯಿತ್ತು.

"ಸಿಗಲ್ಲ ಕ್ಲಿಫ್," ಅಂದಳು. ಆಫೀಸಿನ ಮೇಜಿನ ಆ ದನಿ ಎಷ್ಟು ಸಲೀಸಾಗಿ ಬಂತು ಅಂದರೆ ಅವಳಿಗೇ ಹೆದರಿಕೆಯಾಯಿತು. "ಎಲ್ಲಾ ಅಳಿಸಿಬಿಟ್ಟಿದಾರೆ. ಟೇಪುಗಳನ್ನ ಹೊಸ ಕಂಪನಿಗೆ ಮಾರಿಬಿಟ್ರಂತೆ."

"ಹಂಗಾ," ಅಂದ ಕ್ಲಿಫ್. ಆಮೇಲೆ ಒಂದು ಕೈಯಿಂದ ಟೈಯ ಗಂಟು ಸಡಿಲಿಸಿ, ತಲೆಯ ಮೇಲಿಂದ ಎಳೆದು ತೆಗೆದು, ಬಾಗಿಲ ಗೂಟಕ್ಕೆ ಹಾಕಿದ. "ಟೋಸ್ಟು ಎಷ್ಟು ಹಾಕಲೇ," ಅಂದ, "ಒಂದಾ ಎರಡಾ?"